ಪಾಲಾದ ಜೋಡಿ

ಜೂನ್ 4

ಪ್ರೀತಿಯ ಪುಟ್ಟನಿಗೆ,

ಇಲ್ಲಿ ನಾವಿಬ್ಬರೂ ಕ್ಷೇಮ. ಇಬ್ಬರು ಎಂದರೆ ನಾನು ಮತ್ತು ಬೂದಿ. ಫೋನಿನಲ್ಲಿ ಏನು ಕೇಳಿದರೂ ನೀನು "ಹೂಂ" ಅನ್ನುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೂ ಎರಡು ಮಾತು ಹೆಚ್ಚು ಆಡು.

ಬೂದಿಯನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರ್ ಒಪ್ಪಲಿಲ್ಲ. "ಇದೇನು ನಾಯೀನಾ, ಜಿಂಕೆ ಮರೀನಾ?" ಎಂದು ಕೇಳಿದ. "ಬೇಟೆ ನಾಯಿ" ಅಂದೆ. "ಹಾಗಾದ್ರೆ ಬೇಡವೇ ಬೇಡ" ಅಂದ. ಬೂದಿ ಸುಮ್ಮನೆ ಹೋಗಿ ಅವನ ಮಂಡಿಗೆ ತನ್ನ ಉದ್ದ ಮೂತಿ ಆನಿಸಿ ನಿಂತಳು. ಅವನು ಕರಗಿಹೋದ. ನೀನು ಅವಳ ಜೋಡಿ ಕೆಂಚನನ್ನು ಹಿಡಿದುಕೊಂಡು ನಿಂತಿದ್ದ ನಿಲ್ದಾಣ ಮರೆಯಾದ ಮೇಲೂ ಅವಳು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದಳು.

ಅಪ್ಪನ ಸಾಮಾನು ಹಂಚಿಕೊಂಡದ್ದರಲ್ಲಿ ನನಗೇನೂ ಬೇಸರವಿಲ್ಲ. ನಿನಗೂ ಇರಲಿಕ್ಕಿಲ್ಲ. ಅಪ್ಪನ ಯಜಮಾನರು ಬೇಟೆ ಬಿಟ್ಟು ನಾಯಿಮನೆ ಮುಚ್ಚಿದ ಮೇಲೂ ಅಪ್ಪ ಕೈಬಿಡದೆ ಸಾಕಿದ್ದು ಈ ಒಂದು ಜೋಡಿಯನ್ನು. "ಎರಡು ನಾಯಿ, ಎರಡು ಮಕ್ಕಳು. ಇದಕ್ಕೂ ಒಂದು ಪಂಚಾಯಿತಿ ಬೇಕೇನ್ರೋ?" ಎಂದು ದೊಡ್ಡಪ್ಪ ನಕ್ಕರು. ಎರಡನ್ನೂ ನೀನೇ ತಗೋ ಎಂದು ನಾನು, ಬೇಡಕ್ಕ ನೀನೇ ತಗೋ ಎಂದು ನೀನು. ಯಾರಿಗೂ ಮೋಸವಾಗದಿರಲಿ ಎಂದು ಒಂದೊಂದು ತೆಗೆದುಕೊಂಡೆವು. ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ.

ನನ್ನ ರೂಮು ನೀನು ನೋಡಿಲ್ಲವಲ್ಲ. ಮೂರನೇ ಮಹಡಿ, ಒಂದು ಕಿಟಕಿ, ಕಿಟಕಿಯಾಚೆ ನೀರಿನ ಟ್ಯಾಂಕು. ಜೊತೆಗಿದ್ದ ನರ್ಸ್ ಮದುವೆಯಾಗಿ ಹೋದ ಮೇಲೆ ಅವಳ ಹಾಸಿಗೆ ಹಾಗೇ ಇತ್ತು. ಅದನ್ನು ಕೆಳಗೆ ಎಳೆದು ಬೂದಿಗೆ ಹಾಕಿದ್ದೇನೆ. ಈ ಜಾತಿ ಬರಿ ನೆಲದ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ, ಮೈಮೇಲೆ ಮಾಂಸವೇ ಇಲ್ಲವಲ್ಲ. ಕೆಳಗಿನ ಓನರಮ್ಮ ಮೊದಲ ದಿನವೇ ವಿಚಾರಿಸಿಕೊಂಡರು. "ಬೊಗಳುತ್ತೇನಮ್ಮ ಇದು?" "ಇಲ್ಲ ಅಮ್ಮ, ಇವು ಬೊಗಳೋದೇ ಕಡಿಮೆ." "ಬೊಗಳದೆ ಇರೋ ನಾಯಿ ಇಟ್ಕೊಂಡು ಏನ್ಮಾಡ್ತೀಯಮ್ಮ?"

ಇನ್ನೂ ಸರಿಯಾಗಿ ತಿನ್ನುತ್ತಿಲ್ಲ. ತಟ್ಟೆಯ ಮುಂದೆ ನಿಲ್ಲುತ್ತಾಳೆ, ಹಿಂದಕ್ಕೆ ತಿರುಗಿ ನೋಡುತ್ತಾಳೆ, ಹೋಗಿ ಮಲಗುತ್ತಾಳೆ. ಹೊಸ ಜಾಗ ತಾನೇ. ಕೆಂಚ ಹೇಗಿದ್ದಾನೆ? ತಿನ್ನುತ್ತಾನಾ?

ನಿನ್ನ ಅಕ್ಕ

ಜೂನ್ 15

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ತಲುಪಿತು. ಕೆಂಚ ಚೆನ್ನಾಗಿದ್ದಾನೆ. ಚೆನ್ನಾಗಿ ತಿನ್ನುತ್ತಾನೆ. ತಟ್ಟೆ ತೊಳೆಯುವ ಕೆಲಸವೇ ಇಲ್ಲ.

ಇಲ್ಲಿ ಐಸ್ ಫ್ಯಾಕ್ಟರಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಎಂದು ನಿನಗೆ ಹಿಂದೆ ಹೇಳಿದ್ದೆ. ಗೇಟಿನಲ್ಲಿ ಕೂರುವುದರಿಂದ ನನ್ನನ್ನು ಗೇಟು ಎಂದೇ ಕರೆಯುತ್ತಾರೆ. "ಗೇಟು, ತೆಗಿ." "ಗೇಟು, ಹಾಕು." ಅಷ್ಟೇ ಮಾತು. ಕೆಂಚ ಬಂದ ಮೇಲೆ ಹಾಗಿಲ್ಲ. ಲಾರಿಯವರು ಇಳಿದು ಬಂದು ನಿಲ್ಲುತ್ತಾರೆ. "ಗೇಟು, ಎಷ್ಟು ಜೋರಾಗಿ ಓಡ್ತಾನೋ ಇವ್ನು?" "ಗೇಟು, ಇವ್ನ ಸೊಂಟ ನೋಡೋ, ನಮ್ಮ ಮೇಸ್ತ್ರಿ ಸೊಂಟ ನೋಡೋ." ಮೇಸ್ತ್ರಿ ಕೂಡ ನಕ್ಕರು. ಮೊನ್ನೆ ನನ್ನನ್ನೂ ಟೀಗೆ ಕರೆದರು. ನಾನು ಹೋಗಿ ಅವರೆಲ್ಲರ ಮಧ್ಯೆ ಕುಳಿತು ಟೀ ಕುಡಿದೆ. ಕೆಂಚನ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಇಷ್ಟೊಂದು ಮಾತಾಡಿ ನನಗೆ ಗಂಟಲು ಒಣಗಿತು.

ಐಸ್ ರೂಮಿನ ಬಾಗಿಲು ತೆಗೆದಾಗ ಬರುವ ಗಾಳಿ ಅವನಿಗೆ ಆಗುವುದಿಲ್ಲ. ಚರ್ಮ ತೆಳು, ಕೂದಲಂತೂ ಇಲ್ಲವೇ ಇಲ್ಲ. ಗೋಣಿಚೀಲದಲ್ಲಿ ಒಂದು ಅಂಗಿ ಹೊಲಿದು ಹಾಕಿದ್ದೇನೆ. ಅಗಲದ ಕತ್ತುಪಟ್ಟಿಯನ್ನೇ ಹಾಕು, ಕಿರಿದು ಬೇಡ. ಇವುಗಳ ತಲೆ ಕತ್ತಿಗಿಂತ ಸಣ್ಣದು, ಹಿಂದಕ್ಕೆ ಜಗ್ಗಿದರೆ ಪಟ್ಟಿ ಕಳಚಿ ಬರುತ್ತದೆ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿದೆ ತಾನೇ.

ಬೂದಿ ತಿನ್ನುತ್ತಾಳೆ ಬಿಡು. ಅವಸರ ಮಾಡಬೇಡ.

ನಿನ್ನ ತಮ್ಮ

ಜೂನ್ 28

ಪ್ರೀತಿಯ ಪುಟ್ಟನಿಗೆ,

ಕೆಂಚ ತಿನ್ನುತ್ತಾನೆ ಎಂದು ಓದಿ ಸಮಾಧಾನವಾಯಿತು. ಆಮೇಲೆ ಸ್ವಲ್ಪ ಹೊತ್ತಿಗೆ ಸಮಾಧಾನ ಹೊರಟುಹೋಯಿತು. ಹಾಗಾದರೆ ತಪ್ಪು ನನ್ನಲ್ಲೇ ಇರಬೇಕು.

ನಾನು ಏನೇನು ಮಾಡಿಲ್ಲ ಹೇಳು. ಅನ್ನಕ್ಕೆ ಮೊಟ್ಟೆ ಒಡೆದು ಹಾಕಿದೆ. ಮೂಳೆ ಬೇಯಿಸಿದ ನೀರು ಹಾಕಿದೆ. ಆಸ್ಪತ್ರೆಯ ಲಾಂಡ್ರಿಯಿಂದ ಊಟದ ಬಿಡುವಿನಲ್ಲಿ ಓಡಿಬಂದು ಕೈಯಿಂದ ತಿನ್ನಿಸಲು ನೋಡಿದೆ. ನನ್ನ ಮೇಲೆ ದಯೆ ತೋರಿಸುವವಳ ಹಾಗೆ ನಾಲ್ಕು ತುತ್ತು ತಿಂದು ಮುಖ ತಿರುಗಿಸುತ್ತಾಳೆ. ದಿನಾ ಇಸ್ತ್ರಿ ಮಾಡುವ ಕೈ, ಸೋಪು ಮತ್ತು ಆವಿಯ ವಾಸನೆ ಇರಬಹುದು ಎಂದು ನಿಂಬೆಹಣ್ಣು ಉಜ್ಜಿ ತೊಳೆದುಕೊಂಡು ಬಂದೆ. ಅದಕ್ಕೂ ಮುಖ ತಿರುಗಿಸಿದಳು.

ಹಿಂದಿನ ಎರಡು ಪಕ್ಕೆಲುಬು ಕಾಣಬೇಕು, ಅದು ಈ ಜಾತಿಯ ಚೆಂದ ಎಂದು ಅಪ್ಪ ಅನ್ನುತ್ತಿದ್ದ. ಈಗ ಎಲ್ಲವೂ ಕಾಣುತ್ತಿವೆ. ಬೀದಿಯಲ್ಲಿ ತಲೆ ಎತ್ತುವಂತಿಲ್ಲ. ಎದುರುಮನೆಯವರು ಕೇಳುತ್ತಾರೆ, "ಏನಮ್ಮ, ಕೋಲಿಗೆ ಬಾಲ ಕಟ್ಕೊಂಡು ಹೊರಟ್ಯಾ?" ಓನರಮ್ಮ ಅಂತೂ ನೇರ. "ನೀನೂ ತಿನ್ನಲ್ಲ, ಅದಕ್ಕೂ ಹಾಕಲ್ಲ. ಗಾಳಿ ಬಂದ್ರೆ ಇಬ್ರೂ ಹಾರಿ ಹೋಗ್ತೀರ."

ಹಾರಿಯೇ ಹೋಗಿದ್ದೆವು, ಕೇಳು. ನಿನ್ನೆ ಬೆಳಿಗ್ಗೆ ರಸ್ತೆಯಲ್ಲಿ ಒಂದು ಪ್ಲಾಸ್ಟಿಕ್ ಕವರು ಗಾಳಿಗೆ ಉರುಳಿಕೊಂಡು ಹೋಯಿತು. ಬೂದಿ ಅದನ್ನು ನೋಡಿದ್ದೊಂದೇ ಗೊತ್ತು. ನಾನು ಹಗ್ಗ ಹಿಡಿದುಕೊಂಡು ಹಿಂದೆ, ನನ್ನ ಒಂದು ಚಪ್ಪಲಿ ಇನ್ನೂ ಹಿಂದೆ. ಹಣ್ಣಿನ ಗಾಡಿಯವನು ಕೂಗಿದ, "ಅಕ್ಕಾ, ಕವರು ಬೇಕಿದ್ರೆ ನನ್ನತ್ರ ಕೇಳಬಾರ್ದಾ!" ಇಡೀ ಬೀದಿ ನಕ್ಕಿತು. ನಾನೂ ನಕ್ಕೆ. ಅಪ್ಪ ಹೋದ ಮೇಲೆ ನಕ್ಕದ್ದು ಅದೇ ಮೊದಲು ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ನೀನು ಕೆಂಚನಿಗೆ ಏನು ಹಾಕುತ್ತೀಯ, ಹೇಗೆ ಹಾಕುತ್ತೀಯ, ವಿವರವಾಗಿ ಬರೆ.

ಅಕ್ಕ

ಜುಲೈ 9

ಅಕ್ಕನಿಗೆ ನಮಸ್ಕಾರ.

ನಾನು ವಿಶೇಷವಾಗಿ ಏನೂ ಹಾಕುವುದಿಲ್ಲ. ಅನ್ನ, ಮಾಂಸ. ಎಲ್ಲರೂ ಹಾಕುವುದೇ.

ಬಹುಶಃ ನಿನ್ನ ರೂಮು ಚಿಕ್ಕದಾಯಿತು. ಫ್ಯಾಕ್ಟರಿಯ ಹಿಂದೆ ದೊಡ್ಡ ಬಯಲಿದೆ. ಅಪ್ಪನ ಹಾಗೆ ಸೈಕಲ್ ರಿಮ್ಮಿಗೆ ದಾರ ಸುತ್ತಿ, ತುದಿಗೆ ಬಟ್ಟೆ ಕಟ್ಟಿ, ದೂರದಿಂದ ಎಳೆಯುತ್ತೇನೆ. ಓಡಿಸಲು ಅದೇ ಸಾಕು, ಮೊಲ ಬೇಕಿಲ್ಲ. ಬೂದಿಗೆ ಓಟ ಬೇಕಾಗಿರಬಹುದು. ನೀನು ಒಪ್ಪಿದರೆ ಕೆಲವು ದಿನ ಅವಳನ್ನು ಇಲ್ಲಿಗೆ ಕಳಿಸು. ಮೀನಿನ ಲಾರಿಯ ಡ್ರೈವರ್ ನಿಮ್ಮ ಕಡೆಗೇ ಬರುತ್ತಾನೆ, ಒಳ್ಳೆಯವನು. ಕ್ಯಾಬಿನ್ನಿನಲ್ಲೇ ಕೂರಿಸಿಕೊಂಡು ಬರುತ್ತಾನೆ.

ಬೇಗ ಕಳಿಸಿದರೆ ಒಳ್ಳೆಯದು.

ತಮ್ಮ

ಜುಲೈ 14

ತಮ್ಮನಿಗೆ,

ಕೆಲವು ದಿನ ಎಂದರೆ ಎಷ್ಟು ದಿನ? ನಾನೂ ಅಪ್ಪನ ಮಗಳೇ, ಮಾತಿನ ತೂಕ ಗೊತ್ತಾಗುತ್ತದೆ. ಎರಡನ್ನೂ ಇಟ್ಟುಕೊಳ್ಳುವ ಆಸೆ ಇದ್ದರೆ ಅವತ್ತೇ ದೊಡ್ಡಪ್ಪನ ಮುಂದೆ ಹೇಳಬೇಕಿತ್ತು. ಅವತ್ತು ಬೇಡಕ್ಕ ಬೇಡಕ್ಕ ಎಂದು ತಲೆ ತಗ್ಗಿಸಿಕೊಂಡು ನಿಂತೆ. ಈಗ ಲಾರಿ ಗೊತ್ತುಮಾಡುತ್ತೀಯ.

ನನ್ನ ರೂಮು ಚಿಕ್ಕದು, ನಿಜ. ಅದರಲ್ಲಿ ನಾನು ಎಷ್ಟು ವರ್ಷದಿಂದ ಇದ್ದೇನೆ ಎಂದು ನೀನು ಒಂದು ದಿನವಾದರೂ ಕೇಳಿದ್ದೀಯಾ? ಕೆಲಸ ಮುಗಿಸಿ ಬಂದು ಬೀಗಕ್ಕೆ ಕೀಲಿ ಹಾಕುವಾಗ ಒಳಗೆ ಯಾರೂ ಇಲ್ಲ ಎಂದು ಗೊತ್ತಿದ್ದೂ ಕೀಲಿಯನ್ನು ಜೋರಾಗಿ ತಿರುಗಿಸುತ್ತಿದ್ದೆ, ಸದ್ದಾಗಲಿ ಎಂದು. ಈಗ ಮೊದಲ ಮೆಟ್ಟಿಲಿಗೇ ಬೂದಿ ಏಳುವುದು ನನಗೆ ಕೇಳಿಸುತ್ತದೆ. ಉಗುರು ಟಕಟಕ ಎಂದು ಬಾಗಿಲವರೆಗೆ ಬರುತ್ತದೆ. ಹಸಿದುಕೊಂಡೇ ಬರುತ್ತಾಳೆ, ಬಡಕಲಾಗಿಯೇ ಬರುತ್ತಾಳೆ, ಆದರೂ ಬರುತ್ತಾಳೆ. ಅವಳನ್ನು ನಾನು ಕಳಿಸುವುದಿಲ್ಲ.

ಹೊಟ್ಟೆ ತುಂಬ ತಿನ್ನುವ ನಾಯಿ ನಿನ್ನ ಹತ್ತಿರ ಇದೆಯಲ್ಲ. ಅದರ ಜೊತೆ ಸುಖವಾಗಿರು.

ಅಕ್ಕ

ಆಗಸ್ಟ್ 6

ಪುಟ್ಟನಿಗೆ,

ನಿನ್ನಿಂದ ಕಾಗದವಿಲ್ಲ. ಫೋನು ಮಾಡಿದರೆ "ಹೂಂ" ಕೂಡ ಇಲ್ಲ, ಬರೀ ರಿಂಗು. ನಾನು ಬರೆದದ್ದು ಹೆಚ್ಚಾಯಿತು. ಬೈಯಬೇಕೆಂದಿದ್ದರೆ ಬೈದು ಬರೆ.

ಮೊನ್ನೆ ಬೂದಿಯನ್ನು ಪಶು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹಲ್ಲು, ಕಿವಿ, ಹೊಟ್ಟೆ ಎಲ್ಲ ನೋಡಿ, "ಕಾಯಿಲೆ ಏನೂ ಇಲ್ಲಮ್ಮ. ಮೊದಲು ಇದಕ್ಕೆ ಊಟ ಯಾರು ಹಾಕ್ತಿದ್ರು? ಹೇಗೆ ಹಾಕ್ತಿದ್ರು?" ಎಂದು ಕೇಳಿದರು. ನಮ್ಮಪ್ಪ ಎಂದು ಹೇಳಲು ಬಾಯಿ ತೆಗೆದವಳು ಅಲ್ಲೇ ನಿಂತುಬಿಟ್ಟೆ.

ಪುಟ್ಟ, ಅಪ್ಪ ಅವಕ್ಕೆ ಬೇರೆ ಬೇರೆ ತಟ್ಟೆ ಇಟ್ಟದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ಒಂದೇ ಅಗಲದ ತಟ್ಟೆ. ಇಬ್ಬರೂ ಬಂದು ಎದುರು ಬದುರು ನಿಲ್ಲಬೇಕು, ಆಮೇಲೆಯೇ ಬಾಯಿ ಹಾಕಬೇಕು. ಮರಿಯಾಗಿದ್ದಾಗ ಒಬ್ಬರು ಮುಂದಾಗಿ ಬಾಯಿ ಹಾಕಿದರೆ ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಿದ್ದ. ಜೋಡಿ ಬೇಟೆಯಲ್ಲಿ ಮೊದಲು ಹಿಡಿದವರು ಇನ್ನೊಬ್ಬರು ಬರುವವರೆಗೆ ಕಾಯಬೇಕು, ಅದನ್ನು ಊಟದಲ್ಲೇ ಕಲಿಸಬೇಕು ಅನ್ನುತ್ತಿದ್ದ. ಯಜಮಾನರ ನಾಯಿಮನೆಯಲ್ಲಿ ಎಲ್ಲ ಜೋಡಿಗಳನ್ನೂ ಹಾಗೇ ಬೆಳೆಸಿದ್ದು. ಬೇಟೆ ನಿಂತು ಎಷ್ಟೋ ಕಾಲವಾದರೂ ಅಭ್ಯಾಸ ಬಿಡಲಿಲ್ಲ. ನಾವು ಅದನ್ನು ನೋಡಿಕೊಂಡೇ ಬೆಳೆದೆವು. ನೋಡಿ ನೋಡಿ, ಕಾಣದ ಹಾಗಾಗಿತ್ತು.

ಅವಳು ತಟ್ಟೆಯ ಮುಂದೆ ನಿಂತು ಹಿಂದಕ್ಕೆ ನೋಡುತ್ತಿದ್ದದ್ದು ಕೆಂಚನಿಗಾಗಿ. ನಾವು ಇಬ್ಬರಿಗೂ ಮೋಸವಾಗಬಾರದು ಎಂದು ಸರಿಸಮ ಹಂಚಿಕೊಂಡೆವಲ್ಲ, ಹಾಗೆ ಹಂಚಲಾಗದ್ದನ್ನೇ ಹಂಚಿದ್ದೇವೆ.

ಈಗ ನನ್ನದೊಂದು ಪ್ರಶ್ನೆ. ಇವಳು ಹೀಗಾದರೆ, ಕೆಂಚ ಹೇಗೆ ತಿನ್ನುತ್ತಿದ್ದಾನೆ?

ಅಕ್ಕ

ಆಗಸ್ಟ್ 13

ಅಕ್ಕ,

ತಿನ್ನುತ್ತಿಲ್ಲ.

ಬಂದ ದಿನದಿಂದಲೂ ಅಷ್ಟೇ. ಬೂದಿಯಷ್ಟೂ ತಿನ್ನುವುದಿಲ್ಲ ಅನ್ನಿಸುತ್ತದೆ. ನಿಜ ಬರೆದರೆ ನೀನು ಬಂದು ಕರೆದುಕೊಂಡು ಹೋಗುತ್ತೀಯ ಎಂದು ಹೆದರಿದೆ. ಅವನಿಲ್ಲದಿದ್ದರೆ ನಾನು ಮತ್ತೆ ಬರೀ ಗೇಟು. ಅದಕ್ಕೇ ಹಾಗೆ ಬರೆದೆ. ಬೂದಿಯನ್ನು ಕಳಿಸು ಅಂದದ್ದು ಬಯಲಿಗಾಗಿ ಅಲ್ಲ. ಅವಳು ಬಂದರೆ ಇವನು ತಿಂದಾನು ಅನ್ನಿಸಿತ್ತು. ತಟ್ಟೆಯ ವಿಷಯ ನನಗೂ ಹೊಳೆದಿರಲಿಲ್ಲ, ಸುಮ್ಮನೆ ಅನ್ನಿಸಿತ್ತು.

ನಿನ್ನ ಜುಲೈ ಕಾಗದ ಬಂದಾಗ ಉತ್ತರ ಬರೆಯಲು ಕುಳಿತೆ. ಮೂರನೇ ಮಹಡಿ, ಕೀಲಿ, ಅದೆಲ್ಲ ಓದಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ನೀನು ಹಾಗೆ ಇದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ನೀನು ದೊಡ್ಡ ಊರಿನಲ್ಲಿ ಇದ್ದೀಯ, ಸುತ್ತ ಜನ ಇರುತ್ತಾರೆ ಎಂದುಕೊಂಡಿದ್ದೆ.

ಕೆಂಚ ಈಗ ಓಡುವುದನ್ನೂ ಬಿಟ್ಟಿದ್ದಾನೆ. ರಿಮ್ಮು ತಿರುಗಿಸಿದರೆ ಬಟ್ಟೆ ಮುಂದೆ ಮುಂದೆ ಹೋಗುತ್ತದೆ, ಇವನು ನಿಂತು ಅದು ಹೋಗುವುದನ್ನು ನೋಡುತ್ತಾನೆ. ಲಾರಿಯವರು ಈಗ ಇಳಿದು ಬರುವುದಿಲ್ಲ. ಮೇಸ್ತ್ರಿ ಎಲ್ಲರ ಮುಂದೆ ಅಂದರು, "ಒಂದ್ ನಾಯಿ ನೋಡ್ಕೊಳ್ಳೋಕಾಗ್ದೋನು ಗೇಟ್ ಏನ್ ನೋಡ್ಕೊತೀಯೋ?"

ನಾನು ಎರಡನ್ನೂ ಸಾಕುತ್ತೇನೆ ಎಂದು ಹೇಳುವ ಆಸೆ ನನಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಇಲ್ಲಿ ಚಳಿ. ಗೋಣಿಯ ಅಂಗಿ ಹಾಕಿದ್ದರೂ ಹಗಲೆಲ್ಲ ನಡುಗುತ್ತಾನೆ. ಒಬ್ಬರು ಕೊಡಬೇಕು ಅಕ್ಕ. ಬೇಗ ಕೊಡಬೇಕು. ಯಾರು ಎಂದು ನೀನೇ ಹೇಳು, ದೊಡ್ಡವಳು ನೀನು.

ಪುಟ್ಟ

ಸೆಪ್ಟೆಂಬರ್ 2

ನನ್ನ ಪುಟ್ಟನಿಗೆ,

ನಿನ್ನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಬೂದಿಯನ್ನು ಕರೆದುಕೊಂಡು ಬರುತ್ತೇನೆ ಎಂದು ಬರೆಯಬೇಕಿತ್ತು. ದಿನಾ ನಾಳೆ ಬರೆದರಾಯಿತು ಅಂದುಕೊಂಡೆ. ಬರೆಯದೆ ಇರುವುದೇ ನನ್ನ ಉತ್ತರ ಎಂದು ನೀನು ತಿಳಿದುಕೊಂಡೆ. ತಪ್ಪಾಗಿ ತಿಳಿದುಕೊಳ್ಳಲಿಲ್ಲ.

ಭಾನುವಾರ ನನಗೆ ಕೆಲಸವಿತ್ತು. ಸಂಜೆ ಮೆಟ್ಟಿಲು ಹತ್ತುವಾಗ ಮೇಲಿಂದ ಉಗುರಿನ ಸದ್ದು ಎಂದಿಗಿಂತ ಹೆಚ್ಚು ಕೇಳಿಸಿತು. ಬಾಗಿಲು ತೆಗೆದರೆ ಎರಡು ಮೂತಿ. ನಾನು ಹೊಸ್ತಿಲಲ್ಲೇ ಕುಳಿತುಬಿಟ್ಟೆ. ಗೋಣಿಯ ಅಂಗಿ, ಅಗಲದ ಪಟ್ಟಿ, ಹೊದಿಸಿ ತಂದ ನಿನ್ನ ಹಳೆಯ ಸ್ವೆಟರು ಎಲ್ಲವನ್ನೂ ನೀನು ಮಂಚದ ಮೇಲೆ ಮಡಿಸಿಟ್ಟಿದ್ದೆ. ನೀನೊಬ್ಬನೇ ಇರಲಿಲ್ಲ.

ಓಡಿ ಕೆಳಗೆ ಹೋದೆ. ಓನರಮ್ಮ ಹೇಳಿದರು, "ಮಧ್ಯಾಹ್ನ ಬಂದಿದ್ದ. ಬೇರೆ ಕೀಲಿ ಕೇಳ್ದ, ಕೊಟ್ಟೆ. ನಿನ್ನ ತಮ್ಮಂಗೆ ಬಾಯೇ ಇಲ್ವೇನಮ್ಮ? ಕೂತ್ಕೋ, ಅಕ್ಕ ಬರ್ತಾಳೆ ಅಂದೆ. 'ಲಾರಿ ಕಾಯ್ತಿದೆ' ಅಂದ. ಯಾವ ಲಾರಿ, ಬೀದೀಲಿ ಒಂದು ಸೈಕಲ್ಲೂ ಇರ್ಲಿಲ್ಲ. ಟೀ ಕೊಟ್ಟೆ. ನಿಂತೇ ಕುಡಿದು, ಲೋಟ ತೊಳೆದಿಟ್ಟು ಹೋದ. ಮೂಲೆವರೆಗೆ ಹೋಗಿ ಅಲ್ಲೇ ಎಷ್ಟೋ ಹೊತ್ತು ನಿಂತಿದ್ದ. ಕಿಟಕಿ ಕಡೆ ನೋಡ್ತಿದ್ದ."

ನನ್ನ ಕಿಟಕಿ ಬೀದಿಯ ಕಡೆಗಿಲ್ಲ ಪುಟ್ಟ. ನೀನು ನೋಡಿದ್ದು ಇನ್ಯಾರದೋ ಕಿಟಕಿ.

ಲಾಂಡ್ರಿಯಿಂದ ತಂದ ಅಗಲದ ಟ್ರೇಯಲ್ಲಿ ಅನ್ನ ಕಲಸಿ ನಡುವೆ ಇಟ್ಟೆ. ಬೂದಿ ಬಂದಳು, ನಿಂತಳು, ಹಿಂದಕ್ಕೆ ನೋಡಿದಳು. ಕೆಂಚ ನಿಧಾನವಾಗಿ ಎದ್ದು ಬಂದು ಎದುರಿಗೆ ನಿಂತ. ಮೂತಿಗೆ ಮೂತಿ ತಾಗಿಸಿದರು. ಆಮೇಲೆ ತಿಂದರು. ಏನು ತಿಂದರು ಅನ್ನುತ್ತೀಯ! ಟ್ರೇ ಗೋಡೆಯವರೆಗೆ ಸರಿದುಹೋಯಿತು, ಅಲ್ಲಿಗೂ ಹಿಂಬಾಲಿಸಿ ನೆಕ್ಕಿದರು. ನಾನು ನೋಡುತ್ತಾ ಅತ್ತೆ. ನೀನು ನೋಡಬೇಕಿತ್ತು.

ಇನ್ನೊಂದು ಮಾತು. ಊಟವಾದ ಮೇಲೆ ಒಬ್ಬರ ಬೆನ್ನಿಗೆ ಒಬ್ಬರು ಆನಿಸಿಕೊಂಡು ಮಲಗಿದರು. ನಾನು ಬೂದಿಯನ್ನು ಕರೆದೆ. ಕಿವಿ ಅಲ್ಲಾಡಿಸಿದಳು, ಏಳಲಿಲ್ಲ. ಮಾರನೇ ದಿನ ಕೆಲಸದಿಂದ ಬಂದಾಗಲೂ ಮೊದಲ ಮೆಟ್ಟಿಲಿಗೆ ಸದ್ದು ಬರಲಿಲ್ಲ. ಅವಳಿಗೆ ಈಗ ನಾನು ಅಷ್ಟೊಂದು ಬೇಕಾಗಿಲ್ಲ. ಒಳ್ಳೆಯದೇ ಆಯಿತು. ಒಳ್ಳೆಯದು ಎಂದು ದಿನಾ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನೀನು ರಜೆ ಹಾಕಿ ಬಾ. ನಿಜವಾದ ಲಾರಿಯಲ್ಲಿ ಬಾ.

ನಿನ್ನ ಅಕ್ಕ

ಸೆಪ್ಟೆಂಬರ್ 20

ಅಕ್ಕನಿಗೆ ನಮಸ್ಕಾರ.

ಅವರಿಬ್ಬರೂ ತಿಂದದ್ದನ್ನು ನೀನು ಬರೆದ ಪುಟವನ್ನು ಬೇರೆಯಾಗಿ ಮಡಿಸಿ ಇಟ್ಟುಕೊಂಡಿದ್ದೇನೆ.

ಕಾಯದೆ ಬಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಬರುವವರೆಗೆ ನಿಂತಿದ್ದರೆ ಅವನನ್ನು ಬಿಟ್ಟು ಬರಲು ನನ್ನಿಂದ ಆಗುತ್ತಿರಲಿಲ್ಲ. ಆಗ ನೀನು ಬೂದಿಯನ್ನೂ ನನ್ನ ಜೊತೆ ಕಳಿಸುತ್ತಿದ್ದೆ, ನೀನು ಅಂಥವಳೇ. ಇಬ್ಬರೂ ಮತ್ತೆ ನೀನು ತಗೋ ನೀನು ತಗೋ ಎಂದು ಶುರುಮಾಡುತ್ತಿದ್ದೆವು.

ಇಲ್ಲಿ ಕೆಲಸ ಹಾಗೇ ಇದೆ. ಲಾರಿ ಬರುತ್ತದೆ, ಹೋಗುತ್ತದೆ. ಮೀನಿನ ಡ್ರೈವರ್ ಒಂದು ದಿನ ಇಳಿದು ಬಂದು ಕೇಳಿದ, "ಎಲ್ಲೋ ಗೇಟು, ನಿನ್ನ ಜೊತೆಗಾರ?" "ಅಕ್ಕನ ಮನೇಲಿದ್ದಾನೆ" ಅಂದೆ. "ಊಟ ಮಾಡ್ತಾನಾ?" "ಹೂಂ, ಮಾಡ್ತಾನೆ." ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ನಾನು ಏನಾದರೂ ಹೇಳುತ್ತೇನೆ ಎಂದು ಕಾದ. ಅವನು ಹೋದ ಮೇಲೆ ಎಷ್ಟೋ ಮಾತು ಹೊಳೆದವು.

ರಜೆ ಕೇಳಿದರೆ ಮೇಸ್ತ್ರಿ ಕೊಡುತ್ತಾರೆ. ರಜೆಯ ಪ್ರಶ್ನೆಯಲ್ಲ. ನಾನು ಬಂದಾಗ ಕೆಂಚ ಎದ್ದು ಓಡಿಬಂದರೆ ನಾನು ವಾಪಸು ಹೋಗಲಾರೆ. ಅವನು ಬೂದಿಯ ಪಕ್ಕದಿಂದ ಏಳದೆ ಇದ್ದರೂ ಹೋಗಲಾರೆ. ಅದಕ್ಕೇ ಸದ್ಯಕ್ಕೆ ಬರುವುದಿಲ್ಲ.

ನೀನು ಮಾತ್ರ ಬರೆಯುತ್ತಿರು. ಎಷ್ಟು ತಿಂದ, ಮೈ ಕೈ ತುಂಬಿಕೊಂಡನಾ, ಮೊಣಕೈ ಹೇಗಿದೆ, ಎಲ್ಲಿ ಓಡಿಸುತ್ತೀಯ, ಎಲ್ಲ ಬರೆ. ಒಂದನ್ನು ಮಾತ್ರ ಬರೆಯಬೇಡ. ಅವನು ನನ್ನನ್ನು ಹುಡುಕುತ್ತಾನೋ ಇಲ್ಲವೋ, ಅದು ಬೇಡ. ಹುಡುಕಿದರೂ ಬೇಡ, ಮರೆತಿದ್ದರೂ ಬೇಡ.

ಪುಟ್ಟ

ಅಕ್ಟೋಬರ್ 1

ಪ್ರೀತಿಯ ಪುಟ್ಟನಿಗೆ,

ಕೇಳಿದ್ದನ್ನೆಲ್ಲ ಬರೆಯುತ್ತಿದ್ದೇನೆ, ಓದಿಕೋ. ಕೆಂಚನ ಪಕ್ಕೆಲುಬುಗಳಲ್ಲಿ ಈಗ ಹಿಂದಿನವು ಮಾತ್ರ ಕಾಣುತ್ತವೆ. ಬೂದಿಯದೂ ಅಷ್ಟೇ. ನಡುಗುವುದು ನಿಂತಿದೆ. ಮೊಣಕೈಗೆ ಎಣ್ಣೆ ಹಚ್ಚುತ್ತಿದ್ದೇನೆ, ಗಟ್ಟಿಯಾಗಿದ್ದ ಚರ್ಮ ಮೆತ್ತಗಾಗಿದೆ. ಬೆಳಿಗ್ಗೆ ಲಾಂಡ್ರಿಯ ಹಿಂದೆ ಹಾಸಿಗೆ ಬಟ್ಟೆ ಒಣಹಾಕುವ ಅಂಗಳದಲ್ಲಿ ಓಡಿಸುತ್ತೇನೆ. ಸುತ್ತ ಎತ್ತರದ ಗೋಡೆ ಇದೆ, ಎಲ್ಲೂ ಹೋಗುವ ಹಾಗಿಲ್ಲ. ಇಬ್ಬರೂ ಒಟ್ಟಿಗೆ ಓಡಿದರೆ ಒಗೆದ ಬಟ್ಟೆಯೆಲ್ಲ ಹಾರಾಡುತ್ತದೆ. ನಮ್ಮ ಸೂಪರ್‌ವೈಸರ್ ಒಂದು ದಿನ ನೋಡಿಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. "ಇನ್ನೊಂದ್ಸಲ ಓಡಿಸ್ತೀಯಾ?" ಎಂದು ಕೇಳಿದರು.

ನಾನೂ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಅವರಿಬ್ಬರೂ ತಿನ್ನುವಾಗ ಪಕ್ಕದಲ್ಲಿ ಕುಳಿತು ಉಣ್ಣುತ್ತೇನೆ. ನನಗಾಗಿ ಅವರೇನೂ ಕಾಯುವುದಿಲ್ಲ. ನೀನೂ ಒಣಗಿಹೋಗಬೇಡ.

ಇನ್ನೇನು? ನಿನ್ನೆ ಓನರಮ್ಮ ಮೇಲೆ ಬಂದಿದ್ದರು. ಬಾಗಿಲಿನ ಒಳಮೈಯಲ್ಲಿ ಕೆಳಗಡೆ ಬಣ್ಣವೆಲ್ಲ ಕಿತ್ತು ಮರ ಕಾಣುತ್ತಿದೆ. ಉಗುರಿನ ಗೀರು. ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದರು, "ಯಾರದಮ್ಮ ಈ ಕೆಲಸ? ಇವಳದಾ, ಅವನದಾ? ಯಾವಾಗ ನೋಡಿದ್ರೂ ಹೊಸ ಗೀರು!"

ಅವರಿಗೆ ಹೇಳಿದೆ. ನಿನಗೆ ಬರೆಯುವುದಿಲ್ಲ.

ನಿನ್ನ ಅಕ್ಕ